ಪೀಣ್ಯದಿಂದ ವೈಟ್‌ಫೀಲ್ಡ್‌ವರೆಗೆ: ಹೋದ ಕೈ, ಉಳಿದ ಕಾಯಕ

ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ತುಮಕೂರು ಹೆದ್ದಾರಿಯ ಮಗ್ಗುಲಿಗೆ ಹಬ್ಬಿಕೊಂಡಿರುವ ಪೀಣ್ಯ ಕೈಗಾರಿಕಾ ಪ್ರದೇಶವನ್ನು ಪ್ರಾತಃಕಾಲದಲ್ಲಿ ಕಾಣಬೇಕು. ಪಾಳಿ ಬದಲಾಗುವ ಹೊತ್ತಿಗೆ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳಿಂದ ಇಳಿದುಬರುವ ಜನಪ್ರವಾಹದಲ್ಲಿ ಮುಖಗಳಿಗಿಂತ ಮೊದಲು ಕಣ್ಣಿಗೆ ಬೀಳುವುವು ಕೈಗಳು. ಬುತ್ತಿಯ ಚೀಲ ಹಿಡಿದ ಕೈ, ಕಂಬಿಯನ್ನು ಹಿಡಿದು ಇಳಿಯುವ ಕೈ, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಉಳಿದುಬಿಟ್ಟ ಕೈ. ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದೆರಡು ಬೆರಳುಗಳು ಕಡಮೆಯಾದ ಕೈಗಳೂ ಕಾಣುತ್ತವೆ. ಅವು ಬೇಗನೆ ಜೇಬಿಗೆ ಸರಿಯುತ್ತವೆ. ನಮ್ಮ ಮನೆಗಳ ಕಬ್ಬಿಣದ ಬಾಗಿಲಿನಿಂದ ಹಿಡಿದು ವಾಹನದ ಬಿಡಿಭಾಗಗಳವರೆಗೆ ನಾವು ಬಳಸುವ ನೂರಾರು ವಸ್ತುಗಳ ಹಿಂದೆ ಇಂಥ ಕೈಗಳಿವೆಯೆಂಬ ವಿಚಾರ ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಈ ಪ್ರಯಾಣಕ್ಕೆ ಕಾರಣವಾದುದು ಒಂದು ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಪ್ರವಚನವೊಂದು ಮುಗಿದ ಮೇಲೆ ಯುವಕನೊಬ್ಬ ಬಳಿಗೆ ಬಂದ. ಉತ್ತರ ಕರ್ನಾಟಕದ ಹಳ್ಳಿಯವನು, ಐ.ಟಿ.ಐ. ಮುಗಿಸಿ ಬೆಂಗಳೂರಿನ ಕಾರ್ಖಾನೆಯೊಂದನ್ನು ಸೇರಿದ್ದವನು. ಎಡಗೈಯನ್ನು ಶಾಲಿನಡಿ ಮುಚ್ಚಿಕೊಂಡಿದ್ದ. ಅದು ಯಂತ್ರಕ್ಕೆ ಸಿಕ್ಕಿ ಮಣಿಕಟ್ಟಿನವರೆಗೆ ಹೋಗಿತ್ತು. "ಎಡ ಅಂಗೈಯೇ ಇಲ್ಲದವನು ಇಷ್ಟಲಿಂಗವನ್ನು ಎಲ್ಲಿರಿಸಿಕೊಂಡು ಪೂಜಿಸಬೇಕು?" ಎಂದು ಕೇಳಿದ. ನಾನು ಕರಸ್ಥಲದ ತತ್ತ್ವವನ್ನು ಅರ್ಧ ಗಂಟೆ ವಿವರಿಸಿದೆ. ಆತ ವಿನಯದಿಂದ ತಲೆಯಾಡಿಸಿ ಹೊರಟುಹೋದ. ಅವನಿಗೆ ಕೆಲಸ ಉಳಿದಿದೆಯೆ, ಪರಿಹಾರ ದೊರೆಯಿತೆ, ಮನೆಯವರು ಹೇಗಿದ್ದಾರೆ ಎಂದು ನಾನು ಒಂದು ಮಾತು ಕೇಳಲಿಲ್ಲ. ಶಾಸ್ತ್ರ ಹೇಳುವ ಉತ್ಸಾಹದಲ್ಲಿ ಮನುಷ್ಯನನ್ನು ಕಾಣದೆ ಹೋದ ಆ ಲೋಪ ಬಹುಕಾಲ ಮನಸ್ಸನ್ನು ಚುಚ್ಚುತ್ತಿತ್ತು. ಆತನನ್ನು ಮತ್ತೆ ಕಾಣಲಾಗಲಿಲ್ಲ. ಅವನ ಕೈ ಹೋದಂಥ ಸ್ಥಳವನ್ನೂ, ಕೈಹೋದವರು ಮತ್ತೆ ಬದುಕು ಕಟ್ಟಿಕೊಳ್ಳಲು ಆಸರೆಯಾಗುವ ತಾಣಗಳನ್ನೂ ಒಮ್ಮೆ ನೋಡಿ ಬರೋಣವೆಂದು ಹೊರಟೆ.

ಯಂತ್ರಗಳ ಊರಿನಲ್ಲಿ

ಪೀಣ್ಯ ಹಿಂದೆ ಹೊಲಗದ್ದೆಗಳ ಗ್ರಾಮ. ಸಮೀಪದ ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಎಚ್.ಎಂ.ಟಿ. ಕಾರ್ಖಾನೆ ಆರಂಭವಾದ ಮೇಲೆ ಈ ಭಾಗಕ್ಕೆ ಯಂತ್ರವಿದ್ಯೆಯ ಗಾಳಿ ಬೀಸಿತು. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಚಿಕ್ಕ ಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳು ಒಂದೊಂದಾಗಿ ಎದ್ದವು. ಎಪ್ಪತ್ತರ ದಶಕದಲ್ಲಿ ಬೆಳೆಯತೊಡಗಿದ ಈ ಪ್ರದೇಶ ಇಂದು ಏಷ್ಯಾ ಖಂಡದ ಬಹು ದೊಡ್ಡ ಸಣ್ಣ ಕೈಗಾರಿಕಾ ನೆಲೆಗಳಲ್ಲಿ ಒಂದೆಂದು ಹೆಸರಾಗಿದೆ. ಲೇತ್, ಮಿಲ್ಲಿಂಗ್, ಅಚ್ಚು ತಯಾರಿಕೆ, ಲೋಹಲೇಪನ, ಬಣ್ಣಗಾರಿಕೆ, ಸಿದ್ಧ ಉಡುಪು ಹೀಗೆ ಒಂದೊಂದು ಅಡ್ಡರಸ್ತೆಗೂ ಒಂದೊಂದು ಶಬ್ದ, ಒಂದೊಂದು ವಾಸನೆ. ಇಲ್ಲಿ ದುಡಿಯುವವರಲ್ಲಿ ನಮ್ಮ ಕಲಬುರಗಿ, ರಾಯಚೂರು, ಕೊಪ್ಪಳ, ವಿಜಯಪುರ ಕಡೆಯ ತರುಣರು ಅನೇಕರು. ಮಳೆ ಕೈಕೊಟ್ಟ ವರ್ಷ ಹೊಲವನ್ನು ಅಣ್ಣನಿಗೆ ಬಿಟ್ಟು ತಮ್ಮ ಬೆಂಗಳೂರಿನ ಬಸ್ಸು ಹತ್ತುವುದು ಯಾವ ಓದುಗರಿಗೂ ಹೊಸ ಕಥೆಯಲ್ಲ.

ಇಲ್ಲಿ ಕೈಯನ್ನು ಹೆಚ್ಚಾಗಿ ಕಸಿದುಕೊಳ್ಳುವ ಯಂತ್ರ ಪವರ್ ಪ್ರೆಸ್. ಲೋಹದ ತಗಡನ್ನು ಅಚ್ಚಿನ ಮೇಲೆ ಇಡಬೇಕು. ಮೇಲಿನ ಭಾರ ಕ್ಷಣಾರ್ಧದಲ್ಲಿ ಕೆಳಗಿಳಿದು ತಗಡಿಗೆ ಆಕಾರ ಕೊಡುತ್ತದೆ. ತಗಡನ್ನು ತೆಗೆದು ಮತ್ತೊಂದನ್ನು ಇಡಬೇಕು. ಒಂದು ಪಾಳಿಯಲ್ಲಿ ಈ ಕ್ರಿಯೆ ಸಾವಿರಾರು ಬಾರಿ ನಡೆಯುತ್ತದೆ. ಕೈ ಅಚ್ಚಿನೊಳಗೆ ಇರುವಾಗ ಭಾರ ಇಳಿಯಬಾರದೆಂದು ತಡೆಯುವ ಉಪಾಯಗಳು ಬಹಳ ಹಿಂದಿನಿಂದಲೇ ಇವೆ. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಮ್ಮೆಗೇ ಒತ್ತಿದರೆ ಮಾತ್ರ ಚಲಿಸುವ ಏರ್ಪಾಡು ಒಂದು. ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದೊಡನೆ ನಿಂತುಬಿಡುವ ಕಾವಲು ಇನ್ನೊಂದು. ಆದರೆ ಕಾವಲಿದ್ದರೆ ಕೆಲಸ ನಿಧಾನವಾಗುತ್ತದೆಂದು ಅದನ್ನು ಕಳಚಿಡುವುದು, ಕಾಲಿನ ಪೆಡಲ್ಲಿನಿಂದಲೇ ಯಂತ್ರ ನಡೆಸುವುದು, ಹೆಚ್ಚುವರಿ ಪಾಳಿಯ ನಿದ್ದೆಗಣ್ಣಿನಲ್ಲಿ ದುಡಿಸುವುದು, ಇವೇ ಅನರ್ಥದ ಮೂಲ. ಸೇಫ್ ಇನ್ ಇಂಡಿಯಾ ಫೌಂಡೇಶನ್ ಎಂಬ ಸಂಸ್ಥೆಯು ಹರಿಯಾಣದ ವಾಹನ ಬಿಡಿಭಾಗಗಳ ಘಟಕಗಳಿಂದ ಆರಂಭಿಸಿ ೨೦೧೯ರಿಂದ ಪ್ರಕಟಿಸುತ್ತಿರುವ 'ಕ್ರಶ್ಡ್' ಎಂಬ ವರದಿಗಳು ಇದನ್ನೇ ಸಾರುತ್ತವೆ. ಬೆರಳು ಕಳೆದುಕೊಂಡವರಲ್ಲಿ ಬಹುಮಂದಿಗೆ ಇ.ಎಸ್.ಐ. ಚೀಟಿ ದೊರೆತದ್ದು ಅಪಘಾತವಾದ ಮೇಲೆಯೇ ಎಂಬುದೂ ಆ ವರದಿಗಳಲ್ಲಿ ಬಂದಿದೆ. ಹಣೆಬರಹವೆಂದು ನಾವು ಹೇಳಿ ಮುಗಿಸುವ ಎಷ್ಟೋ ಸಂಗತಿಗಳು ಕಳಚಿಟ್ಟ ಒಂದು ಕಬ್ಬಿಣದ ಕಾವಲಿನ ಫಲವೆಂಬುದನ್ನು ಮರೆಯಲಾಗದು.

ಅಪಘಾತದ ಮೊದಲ ಗಂಟೆಯನ್ನು ಕುರಿತು ಪ್ರತಿಯೊಂದು ಮನೆಯೂ ತಿಳಿದಿರಬೇಕಾದ ಮಾತೊಂದಿದೆ. ತುಂಡಾದ ಕೈಯನ್ನು ಮರಳಿ ಜೋಡಿಸುವ ವಿದ್ಯೆ ಈಗ ಇದೆ. ೧೯೬೨ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ರೈಲಿಗೆ ಸಿಕ್ಕಿ ತೋಳು ಕತ್ತರಿಸಿಹೋದ ೧೨ ವರ್ಷದ ಬಾಲಕನಿಗೆ ವೈದ್ಯರು ಅದೇ ತೋಳನ್ನು ಮತ್ತೆ ಕೂಡಿಸಿದರು. ಬೆಂಗಳೂರಿನಲ್ಲಿಯೂ ಇಂಥ ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗಳಿವೆ. ಆದರೆ ತುಂಡಾದ ಭಾಗ ಕೆಡದೆ ತಲಪಬೇಕು. ಅದನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇರಿಸಬೇಕು. ನೇರವಾಗಿ ಮಂಜುಗಡ್ಡೆಯ ಮೇಲೆ ಇಡಬಾರದು. ಅದು ಮಾಂಸವನ್ನು ಸುಡುತ್ತದೆ. ಗಾಯದ ಮೇಲೆ ಶುದ್ಧ ಬಟ್ಟೆಯಿಂದ ಬಲವಾಗಿ ಒತ್ತಿ, ಕೈಯನ್ನು ಎತ್ತಿ ಹಿಡಿದು, ತಡಮಾಡದೆ ಸಾಗಿಸಬೇಕು. ಸ್ನಾಯು ಹೆಚ್ಚಿರುವ ತೋಳಿನಂಥ ಭಾಗಕ್ಕೆ ಕೆಲವೇ ಗಂಟೆಗಳ ಅವಕಾಶ. ಗಾಬರಿಯಲ್ಲಿ ತುಂಡನ್ನು ಯಂತ್ರದ ಬಳಿಯೇ ಬಿಟ್ಟು ಓಡಿದರೆ ವೈದ್ಯನ ಕೈಯೂ ಕಟ್ಟಿದಂತೆಯೇ.

ಕಾನೂನಿನ ಆಸರೆ

ಕೈ ಉಳಿಯದಿದ್ದರೆ ಮುಂದೇನು? ದುಡಿಯುವವನ ಗಾಯಕ್ಕೆ ದುಡಿಸಿಕೊಂಡವನು ಹೊಣೆಯೆಂಬ ತತ್ತ್ವ ನಮ್ಮ ದೇಶದ ಕಾನೂನಿಗೆ ೧೯೨೩ರಲ್ಲಿಯೇ ಬಂತು. ೧೯೪೮ರಲ್ಲಿ ಕಾರ್ಮಿಕರ ರಾಜ್ಯ ವಿಮೆಯ, ಎಂದರೆ ಇ.ಎಸ್.ಐ. ಕಾನೂನು ಬಂತು. ಈ ಎರಡೂ ಈಗ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿದ್ದು, ಆ ಸಂಹಿತೆ ೨೦೨೫ರ ನವೆಂಬರ್ ತಿಂಗಳಲ್ಲಿ ಜಾರಿಗೆ ಬಂದಿದೆ. ಕಾನೂನಿನ ಅನುಸೂಚಿಯಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಲೆಕ್ಕವಿದೆ. ಒಂದು ಹಸ್ತ ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ ೬೦ ಭಾಗ ನಷ್ಟ. ಹೆಬ್ಬೆರಳು ಉಳಿದು ನಾಲ್ಕು ಬೆರಳು ಹೋದರೆ ೫೦. ಹೆಬ್ಬೆರಳೊಂದೇ ಹೋದರೆ ೩೦. ಹೆಬ್ಬೆರಳಿಗೆ ಇಷ್ಟು ಬೆಲೆಯೇಕೆಂದರೆ, ಹಿಡಿಯುವ ಕ್ರಿಯೆಯೆಲ್ಲ ಅದರ ಆಧಾರದಿಂದಲೇ ನಡೆಯುವುದು. ಹಿಡಿತ ಹೋದ ಮೇಲೆ ಉಳಿದ ನಾಲ್ಕು ಬೆರಳುಗಳ ಬಲ ಎಷ್ಟಿದ್ದರೂ ಅರ್ಧವೇ.

ಮನುಷ್ಯನ ಕೈಯನ್ನು ಹೀಗೆ ಶೇಕಡಾವಾರು ಅಳೆಯುವುದು ಕಿವಿಗೆ ಕಠೋರವಾಗಿ ಕೇಳಬಹುದು. ಆದರೆ ಈ ಲೆಕ್ಕವೇ ಎಷ್ಟೋ ಕುಟುಂಬಗಳ ಅನ್ನ. ಇ.ಎಸ್.ಐ.ಗೆ ಒಳಪಟ್ಟ ಕಾರ್ಮಿಕನಿಗೆ ಗುಣವಾಗುವವರೆಗೆ ಸರಾಸರಿ ವೇತನದ ೯೦ ಭಾಗದಷ್ಟು ದಿನಭತ್ಯೆ, ಆ ಬಳಿಕ ವೈದ್ಯ ಮಂಡಲಿಯು ನಿರ್ಧರಿಸಿದ ನಷ್ಟದ ಪ್ರಮಾಣದಲ್ಲಿ ಜೀವಮಾನವಿಡೀ ಸಲ್ಲುವ ಭತ್ಯೆ, ಜೊತೆಗೆ ಕೃತಕ ಅಂಗ ಇವು ದೊರೆಯಬೇಕು. ಆದುದರಿಂದ ಬೆಂಗಳೂರಿಗೆ ಮಗನನ್ನು ಕಳಿಸುವ ತಾಯ್ತಂದೆಗಳು 'ಸಂಬಳ ಎಷ್ಟು?' ಎಂದು ಕೇಳುವ ಜೊತೆಗೆ 'ಇ.ಎಸ್.ಐ. ಸಂಖ್ಯೆ ಬಂತೆ?' ಎಂದೂ ಕೇಳಬೇಕು. ಅಪಘಾತವಾದೊಡನೆ ಅದರ ವರದಿ ಬರೆಯಿಸಿದರೆ, ಪ್ರತಿಯೊಂದನ್ನು ಇಟ್ಟುಕೊಂಡರೆ, ಆಸ್ಪತ್ರೆಯ ಕಾಗದಗಳನ್ನು ಜೋಪಾನ ಮಾಡಿದರೆ ಅರ್ಧ ಹೋರಾಟ ಗೆದ್ದಂತೆ. ಹತ್ತು ಸಾವಿರ ರೂಪಾಯಿ ಕೈಗಿತ್ತು 'ಮನೆಗೆ ಬಿದ್ದೆ ಎಂದು ಹೇಳು' ಎನ್ನುವವರ ಮಾತಿಗೆ ಮರುಳಾಗಿ ಸಹಿ ಮಾಡಿದವನು ಜೀವಮಾನದ ಹಕ್ಕನ್ನು ಅಂದೇ ಮಾರಿಕೊಳ್ಳುತ್ತಾನೆ.

ಕಾಲು ಕಟ್ಟುವ ಕಮ್ಮಟ

ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಕುಳಿತರೆ ಮೆಜೆಸ್ಟಿಕ್ಕನ್ನು ದಾಟಿ ನೇರವಾಗಿ ನಗರದ ದಕ್ಷಿಣಕ್ಕೆ ಹೋಗಬಹುದು. ೨೦೧೪ರಲ್ಲಿ ಪೀಣ್ಯ ಕಡೆಯ ಮೊದಲ ಭಾಗ ತೆರೆದಾಗ ಇದು ಕೇವಲ ವೇಗದ ಸೌಕರ್ಯವೆಂದು ನಾವು ಭಾವಿಸಿದ್ದೆವು. ಕೃತಕ ಕಾಲಿನವನಿಗೆ ಲಿಫ್ಟ್ ಇರುವ ನಿಲ್ದಾಣವೆಂದರೆ ಮನೆಯ ಬಾಗಿಲು ತೆರೆದಂತೆ. ಆದರೆ ನಿಲ್ದಾಣದಿಂದ ಹೊರಗೆ ಕಾಲಿಟ್ಟೊಡನೆ ಕಿತ್ತುಹೋದ ಪಾದಚಾರಿ ಮಾರ್ಗ, ಅದರ ಮೇಲೆ ನಿಲ್ಲಿಸಿದ ವಾಹನಗಳು! ಒಳಗೆ ಕೊಟ್ಟದ್ದನ್ನು ಹೊರಗೆ ಕಸಿದುಕೊಂಡಂತಾಗುತ್ತದೆ.

ಜಯಪ್ರಕಾಶ ನಗರದಲ್ಲಿ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆಯಿದೆ. ೧೯೯೪ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಕೃತಕ ಕೈಕಾಲುಗಳನ್ನು ತಯಾರಿಸುವುದಷ್ಟೇ ಅಲ್ಲದೆ, ಅವನ್ನು ತಯಾರಿಸುವ ವಿದ್ಯೆಯನ್ನು ತರುಣ ತರುಣಿಯರಿಗೆ ಕಲಿಸುತ್ತದೆ. ಅಂಗವೈಕಲ್ಯವುಳ್ಳವರೇ ಇಂಥ ವಿದ್ಯೆ ಕಲಿತು ಇತರರಿಗೆ ಕಾಲು ಕಟ್ಟಿಕೊಡುವುದು ಎಷ್ಟು ಅರ್ಥಪೂರ್ಣ! ಇದಕ್ಕೂ ಬಹಳ ಮೊದಲೇ, ೧೯೫೯ರಲ್ಲಿ, ಸ್ವತಃ ಪೋಲಿಯೊ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯನ್ನು, ಎಂದರೆ ಎ.ಪಿ.ಡಿ.ಯನ್ನು ಕಟ್ಟಿದರು. ಲಿಂಗರಾಜಪುರದ ಆ ಸಂಸ್ಥೆ ಯಂತ್ರಕೆಲಸ, ತೋಟಗಾರಿಕೆ ಮುಂತಾದ ವೃತ್ತಿಗಳನ್ನು ಕಲಿಸುತ್ತ ಬಂದಿದೆ. ಅನುಕಂಪಕ್ಕಿಂತ ಉದ್ಯೋಗವೇ ದೊಡ್ಡ ಚಿಕಿತ್ಸೆಯೆಂದು ಈ ನಗರಕ್ಕೆ ಮೊದಲು ತೋರಿಸಿಕೊಟ್ಟವರಲ್ಲಿ ಅವರು ಅಗ್ರಗಣ್ಯರು.

ಕೃತಕ ಕಾಲೆಂಬುದು ಅಂಗಡಿಯಲ್ಲಿ ಅಳತೆ ಹೇಳಿ ಕೊಳ್ಳುವ ಪಾದರಕ್ಷೆಯಲ್ಲ. ಮೊದಲು ಉಳಿದ ಕಾಲಿನ ಭಾಗಕ್ಕೆ ಕ್ರಮವಾಗಿ ಪಟ್ಟಿ ಸುತ್ತಿ ಊತ ಇಳಿಸಿ ಆಕಾರ ತರಬೇಕು. ಆಮೇಲೆ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಆ ಅಚ್ಚಿನಿಂದ ಪ್ರತಿರೂಪ ಮಾಡಿ, ಎಲ್ಲಿ ಭಾರ ತಾಳಬಲ್ಲದು, ಎಲ್ಲಿ ಮೂಳೆ ಚರ್ಮಕ್ಕೆ ಹತ್ತಿರವಿದೆಯೆಂದು ನೋಡಿ ತಿದ್ದಿ, ಅದರ ಮೇಲೆ ಬಟ್ಟಲಿನಂಥ ಕೋಶವನ್ನು ರೂಪಿಸಬೇಕು. ಇಡೀ ವಿದ್ಯೆಯ ಪ್ರಾಣ ಈ ಕೋಶದಲ್ಲಿದೆ. ಪಾದ ಎಷ್ಟೇ ಬೆಲೆಬಾಳುವುದಾದರೂ ಕೋಶ ಒಂದು ಕಡೆ ಒತ್ತಿದರೆ ಹುಣ್ಣಾಗುತ್ತದೆ. ಹುಣ್ಣಾದರೆ ಕಾಲು ಮೂಲೆ ಸೇರುತ್ತದೆ. ಮೊದಲ ವರ್ಷದಲ್ಲಿ ಉಳಿದ ಭಾಗ ಸೊರಗುತ್ತ ಬರುವುದರಿಂದ ಕೋಶವನ್ನು ಬದಲಿಸಬೇಕಾಗುವುದು ಸಹಜ. 'ಒಮ್ಮೆ ಕಾಲು ಹಾಕಿಸಿದೆವು, ಸರಿಹೋಗಲಿಲ್ಲ' ಎಂದು ಕೈಬಿಟ್ಟವರು ಈ ಒಂದು ವಿಷಯ ತಿಳಿಯದೆ ಕೈಬಿಟ್ಟಿರುತ್ತಾರೆ.

ಮೊಣಕಾಲು ಉಳಿದಿದೆಯೆ ಇಲ್ಲವೆ ಎಂಬುದು ಬಹು ಮುಖ್ಯ. ಮೊಣಕಾಲಿನ ಕೆಳಗೆ ಕಾಲು ಹೋದವನಿಗೆ ನಡೆಯಲು ಸುಮಾರು ಕಾಲುಭಾಗ ಹೆಚ್ಚು ಶಕ್ತಿ ಸಾಕು. ಮೊಣಕಾಲೂ ಹೋದರೆ ಅರ್ಧಕ್ಕಿಂತ ಹೆಚ್ಚಿನ ಶಕ್ತಿ ಅಧಿಕವಾಗಿ ಬೇಕಾಗುತ್ತದೆ. ಅಂಥವರಿಗಾಗಿ ಹೆಜ್ಜೆಯ ಗತಿಯನ್ನು ತಾನೇ ಅರಿತು ಹೊಂದಿಕೊಳ್ಳುವ ಗಣಕ ನಿಯಂತ್ರಿತ ಮೊಣಕಾಲುಗಳು ವಿದೇಶಗಳಲ್ಲಿವೆ. ಅವುಗಳ ಬೆಲೆ ಹತ್ತಾರು ಲಕ್ಷ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೊ ಸಂಸ್ಥೆಯು ತಿರುವನಂತಪುರದ ತನ್ನ ಕೇಂದ್ರದಲ್ಲಿ ಸುಮಾರು ೧.೬ ಕಿಲೋಗ್ರಾಂ ತೂಕದ ಇಂಥ ಮೊಣಕಾಲನ್ನು ರೂಪಿಸಿರುವುದಾಗಿ ೨೦೨೨ರಲ್ಲಿ ಪ್ರಕಟಿಸಿತು. ನಕ್ಷತ್ರದ ದಾರಿ ಹುಡುಕುವವರು ಮನುಷ್ಯನ ಹೆಜ್ಜೆಯನ್ನೂ ನೆನೆದರೆಂಬುದು ಸಂತೋಷದ ಸಂಗತಿ.

ಆದರೆ ಬಡವನ ಬದುಕಿಗೆ ಬಲ ನೀಡಿದ್ದು ಜೈಪುರ ಪಾದ. ೧೯೬೮ರ ಸುಮಾರಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ. ಕೆ. ಸೇಠಿ ಕೂಡಿ ಇದನ್ನು ರೂಪಿಸಿದರು. ಪಾಶ್ಚಾತ್ಯ ಕೃತಕ ಪಾದಕ್ಕೆ ಬೂಟು ಬೇಕು. ಅದು ಕುರ್ಚಿಯ ಮೇಲೆ ಕುಳಿತುಕೊಳ್ಳುವವರಿಗಾಗಿ ಮಾಡಿದ್ದು. ನಮ್ಮವರು ನೆಲದ ಮೇಲೆ ಕುಳಿತು ಊಟ ಮಾಡುವವರು, ಗದ್ದೆಯ ಕೆಸರಿಗೆ ಇಳಿಯುವವರು, ಮಠ ಮಂದಿರಕ್ಕೆ ಬರಿಗಾಲಿನಲ್ಲಿ ಹೋಗುವವರು. ರಬ್ಬರು ಮತ್ತು ಮರದಿಂದಾದ, ಎಲ್ಲ ದಿಕ್ಕಿಗೂ ಬಾಗುವ ಈ ಪಾದ ಆ ನಡೆಗೆ ಒಪ್ಪಿತು. ಡಿ. ಆರ್. ಮೆಹತಾ ಅವರು ೧೯೭೫ರಲ್ಲಿ ಸ್ಥಾಪಿಸಿದ ಸಂಸ್ಥೆ ಇದನ್ನು ಬೆಲೆಯಿಲ್ಲದೆ ತೊಡಿಸುತ್ತ ಬಂದಿದೆ. ೧೯೮೧ರ ಅಪಘಾತದ ನಂತರ ಕಾಲು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್ ಇದೇ ಪಾದ ತೊಟ್ಟು ಮತ್ತೆ ರಂಗವೇರಿದುದನ್ನು ನಮ್ಮ ತಲೆಮಾರಿನವರು ಬಲ್ಲರು. ಅಕ್ಷರ ಬಲ್ಲ ವೈದ್ಯನೂ ಕೈಕಸುಬು ಬಲ್ಲ ಶಿಲ್ಪಿಯೂ ಒಂದೇ ಮಣೆಯ ಮೇಲೆ ಕುಳಿತಾಗ ಎಂಥ ಫಲ ಬರುತ್ತದೆಂಬುದಕ್ಕೆ ಜೈಪುರ ಪಾದ ಸಾಕ್ಷಿ.

ಕೈಯ ಕಥೆ ಕಾಲಿಗಿಂತ ಕಠಿನ. ಕಾಲು ದೇಹದ ಭಾರ ಹೊತ್ತು ಹೆಜ್ಜೆಯಿಟ್ಟರೆ ಅದರ ಬಹುಪಾಲು ಕೆಲಸ ಆಯಿತು. ಕೈ ಸೂಜಿಯನ್ನೂ ಹಿಡಿಯಬೇಕು, ಕೊಡವನ್ನೂ ಎತ್ತಬೇಕು, ಮಗುವಿನ ತಲೆಯನ್ನೂ ನೇವರಿಸಬೇಕು. ಭುಜದ ಚಲನೆಯಿಂದ ತಂತಿ ಎಳೆದು ಹಿಡಿಯುವ ಕೊಕ್ಕೆ, ಸ್ನಾಯುವಿನ ಸೂಕ್ಷ್ಮ ವಿದ್ಯುತ್ತನ್ನು ಅರಿತು ಮುಚ್ಚಿ ತೆರೆಯುವ ಯಂತ್ರಹಸ್ತ ಇವೆಲ್ಲ ಬಂದಿದ್ದರೂ ಸ್ಪರ್ಶವನ್ನು ಮರಳಿ ಕೊಡುವ ಕೈ ಸಾಮಾನ್ಯ ಜನರಿಗೆ ಇನ್ನೂ ದೊರೆತಿಲ್ಲ. ಹೀಗಾಗಿ ಅನೇಕರು ಕೃತಕ ಕೈಯನ್ನು ನಾಲ್ಕು ದಿನ ತೊಟ್ಟು ಕಳಚಿಡುತ್ತಾರೆ. ಉಳಿದ ಒಂದು ಕೈಗೇ ಹೊಸ ಅಭ್ಯಾಸ ಕಲಿಸುತ್ತಾರೆ. ಅದು ಸೋಲಲ್ಲ. ಬರೆಯುವ ಕೈ ಹೋದವನು ಇನ್ನೊಂದು ಕೈಯಿಂದ ಅಕ್ಷರ ತಿದ್ದುವುದು ಎರಡನೆಯ ಅಕ್ಷರಾಭ್ಯಾಸ.

ಇಲ್ಲದ ಕೈ ನೋಯುವ ಬಗೆ

ಅಂಗ ಕಳೆದುಕೊಂಡವರು ಹೇಳಲು ಅಂಜುವ ಒಂದು ಸಂಕಟವಿದೆ. ಹೋದ ಕೈ ಇನ್ನೂ ಇದೆಯೆಂದು ಅನ್ನಿಸುವುದು. ಅದರ ಬೆರಳುಗಳು ಬಿಗಿಯಾಗಿ ಮುಚ್ಚಿ ಉಗುರು ಅಂಗೈಗೆ ನಾಟಿದಂತೆ ನೋಯುವುದು. ಮನೆಯವರು ಇದನ್ನು ಭ್ರಮೆಯೆಂದೋ, ಗ್ರಹಚಾರವೆಂದೋ ತಿಳಿದು ಯಂತ್ರ ಕಟ್ಟಿಸಲು ಹೊರಡುತ್ತಾರೆ. ಇದು ಭ್ರಮೆಯೂ ಅಲ್ಲ, ಗಾಳಿಯೂ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ನೋಡಿದ ವೈದ್ಯ ವೇಯರ್ ಮಿಚೆಲ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ವಿವರಿಸಿದ್ದನು. ಮಿದುಳಿನಲ್ಲಿ ಆ ಕೈಗೆ ಮೀಸಲಾದ ಸ್ಥಾನ ಉಳಿದೇ ಇರುತ್ತದೆ. ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲಸಿದ ವಿಜ್ಞಾನಿ ವಿ. ಎಸ್. ರಾಮಚಂದ್ರನ್ ೧೯೯೦ರ ದಶಕದಲ್ಲಿ ಒಂದು ಸರಳ ಉಪಾಯ ಕಂಡರು. ಇರುವ ಕೈಯ ಪಕ್ಕದಲ್ಲಿ ಕನ್ನಡಿ ನಿಲ್ಲಿಸಿದರೆ ಪ್ರತಿಬಿಂಬವು ಹೋದ ಕೈಯ ಸ್ಥಾನದಲ್ಲಿ ಕಾಣುತ್ತದೆ. ಇರುವ ಕೈಯನ್ನು ಬಿಚ್ಚಿದಾಗ ಹೋದ ಕೈಯೂ ಬಿಚ್ಚಿದಂತೆ ಕಂಡು ಕೆಲವರಿಗೆ ನೋವು ಸಡಿಲಿಸುತ್ತದೆ. ಎಲ್ಲರಿಗೂ ಫಲಿಸದು, ಆದರೂ ನೂರು ರೂಪಾಯಿಯ ಕನ್ನಡಿಯೊಂದು ಸಾವಿರಾರು ರೂಪಾಯಿಯ ಮಾಟ ಮಂತ್ರಕ್ಕಿಂತ ಮೇಲು.

ಮನೆಯಲ್ಲಿ ಪ್ರೀತಿಯಿಂದಲೇ ಆಗುವ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಕಾಲು ಕತ್ತರಿಸಿದ ಮೇಲೆ ನೋವು ಕಡಮೆಯಾಗಲೆಂದು ತಾಯಿ ಮೊಣಕಾಲಿನಡಿ ಮೆತ್ತನೆಯ ದಿಂಬು ಇಡುತ್ತಾಳೆ. ದಿನಗಟ್ಟಲೆ ಹಾಗೆಯೇ ಇದ್ದರೆ ಮೊಣಕಾಲು ಮಡಿಸಿಯೇ ಬಿಗಿದುಹೋಗಿ ಮುಂದೆ ಕೃತಕ ಕಾಲು ತೊಡುವುದೇ ದುಸ್ತರವಾಗುತ್ತದೆ. ಕಾಲನ್ನು ನೇರವಾಗಿ ಇರಿಸಿ, ವೈದ್ಯರು ಹೇಳಿದ ವ್ಯಾಯಾಮವನ್ನು ಅತ್ತರೂ ಮಾಡಿಸುವುದೇ ನಿಜವಾದ ವಾತ್ಸಲ್ಯ. ಕಾರ್ಖಾನೆಯ ಹೊರಗೂ ಕಾಲು ಕಸಿಯುವ ವೈರಿಯಿದೆ, ಅದು ಮಧುಮೇಹ. ಸಕ್ಕರೆ ಕಾಯಿಲೆಯುಳ್ಳ ಹಿರಿಯರ ಅಂಗಾಲನ್ನು ಪ್ರತಿದಿನ ನೋಡುವ ಮೊಮ್ಮಗಳು ಅಜ್ಜನ ಕಾಲನ್ನು ಉಳಿಸಬಲ್ಲಳು. ಏಕೆಂದರೆ ಅಲ್ಲಿ ಗಾಯವಾದರೆ ನೋವೇ ತಿಳಿಯುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳು

ರಾಷ್ಟ್ರೀಯ ವಿದ್ಯಾಲಯ ರಸ್ತೆಯ ನಿಲ್ದಾಣದಲ್ಲಿ ಇಳಿದು ಹಳದಿ ಮಾರ್ಗವನ್ನು ಹಿಡಿದರೆ ಎಲೆಕ್ಟ್ರಾನಿಕ್ ಸಿಟಿ. ಈ ಮಾರ್ಗ ೨೦೨೫ರ ಆಗಸ್ಟ್ ತಿಂಗಳಲ್ಲಿ ತೆರೆಯಿತು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗ ಅವರು ೧೯೭೮ರಲ್ಲಿ ವಿದ್ಯುನ್ಮಾನ ನಗರಿಯ ಕನಸು ಬಿತ್ತಿದಾಗ ಅದನ್ನು ನಂಬಿದವರು ವಿರಳ. ಇಂದು ಎಡಬಲಗಳಲ್ಲಿ ಗಾಜಿನ ಸೌಧಗಳು. ಪೀಣ್ಯದ ಗದ್ದಲವಿಲ್ಲ, ಎಣ್ಣೆಯ ವಾಸನೆಯಿಲ್ಲ. ಇಲ್ಲಿಯ ಯಂತ್ರ ಕೇಳುವುದು ತೋಳ್ಬಲವನ್ನಲ್ಲ, ಬುದ್ಧಿಯನ್ನೂ ಕೀಲಿಮಣೆಯ ಮೇಲಾಡುವ ನಾಲ್ಕು ಬೆರಳುಗಳನ್ನೂ. ಪೀಣ್ಯ ಯಾವ ಕೈಯನ್ನು ಬೇಡವೆಂದಿತೋ ಅದೇ ಕೈಗೆ ಇಲ್ಲಿ ಕೆಲಸವಿರಲು ಸಾಧ್ಯ.

ಸಾಧ್ಯವೆಂಬುದು ತಾನಾಗಿ ಆಗುವುದಿಲ್ಲ. ೧೯೯೯ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ದಂಪತಿಗಳು ಬೆಂಗಳೂರಿನಲ್ಲಿ ಎನೇಬಲ್ ಇಂಡಿಯಾ ಸಂಸ್ಥೆ ಸ್ಥಾಪಿಸಿ, ವೈಕಲ್ಯವುಳ್ಳವರಿಗೆ ತರಬೇತಿ ಕೊಡುವ ಜೊತೆಗೆ ಉದ್ಯೋಗದಾತರ ಮನಸ್ಸಿಗೂ ತರಬೇತಿ ಕೊಡುವ ಕಾರ್ಯ ಕೈಗೊಂಡರು. ಪವಿತ್ರಾ ಅವರು ೨೦೦೬ರಲ್ಲಿ ಆರಂಭಿಸಿದ ವಿಂಧ್ಯ ಇ-ಇನ್ಫೋಮೀಡಿಯಾ ಸಂಸ್ಥೆ ವೈಕಲ್ಯವುಳ್ಳವರನ್ನೇ ಮುಖ್ಯವಾಗಿ ನೇಮಿಸಿಕೊಂಡು ಲಾಭದ ವ್ಯವಹಾರವನ್ನೇ ನಡೆಸಬಹುದೆಂದು ತೋರಿಸಿತು. ಇಲ್ಲಿಂದ ಸ್ವಲ್ಪ ಮುಂದೆ, ಗಡಿಯಾಚೆಗೆ, ಕನ್ನಡಿಗರೂ ನೆಲಸಿರುವ ಹೊಸೂರಿನಲ್ಲಿ ಟೈಟನ್ ಗಡಿಯಾರದ ಕಾರ್ಖಾನೆ ಮೊದಮೊದಲ ವರ್ಷಗಳಿಂದಲೇ ಅಂಗವಿಕಲರಿಗೆ ಕೆಲಸ ಕೊಟ್ಟಿದೆ.

೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ಹಿಂದಿನ ೧೯೯೫ರ ಕಾನೂನಿನ ೭ ಬಗೆಯ ವೈಕಲ್ಯಗಳನ್ನು ೨೧ಕ್ಕೆ ಏರಿಸಿತು. ಸರ್ಕಾರಿ ಉದ್ಯೋಗದ ಮೀಸಲನ್ನು ೩ರಿಂದ ೪ಕ್ಕೆ ಹೆಚ್ಚಿಸಿತು. ಸೇವೆಯಲ್ಲಿರುವಾಗ ಅಂಗ ಕಳೆದುಕೊಂಡ ಸರ್ಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ, ಕೆಳಗಿಳಿಸುವಂತಿಲ್ಲ; ಮಾಡಬಲ್ಲ ಬೇರೆ ಕೆಲಸಕ್ಕೆ ಅದೇ ವೇತನದಲ್ಲಿ ಬದಲಿಸಬೇಕು. ನೂರಕ್ಕೆ ೪೦ ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಪಡೆದವರಿಗೆ ಈ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಆದರೆ ಪೀಣ್ಯದ ಸಣ್ಣ ಘಟಕದ ಕಾರ್ಮಿಕನಿಗೆ ಇಷ್ಟು ಬಲವಾದ ರಕ್ಷೆಯಿಲ್ಲ. ಅಲ್ಲಿ ಅವನ ಸ್ಥಾನ ಉಳಿಯುವುದು ಬಹುಮಟ್ಟಿಗೆ ಒಡೆಯನ ಅಂತಃಕರಣದ ಮೇಲೆ. ನಮ್ಮ ಸಮಾಜದಲ್ಲಿಯೂ ಕಾರ್ಖಾನೆಯ ಒಡೆಯರಿದ್ದಾರೆ. ತಮ್ಮ ಯಂತ್ರದಲ್ಲಿ ಕೈ ಕಳೆದುಕೊಂಡವನನ್ನು ಉಗ್ರಾಣದ ಲೆಕ್ಕಕ್ಕೋ, ವಸ್ತುಗಳ ಪರೀಕ್ಷೆಗೋ ಉಳಿಸಿಕೊಳ್ಳುವುದು ದಾಸೋಹದ ಒಂದು ಮುಖವೆಂದು ಅವರು ಭಾವಿಸಬಾರದೆ?

ವೈಟ್‌ಫೀಲ್ಡಿನ ಸಂಜೆ

ಮೆಜೆಸ್ಟಿಕ್ಕಿಗೆ ಹಿಂದಿರುಗಿ ನೇರಳೆ ಮಾರ್ಗದಲ್ಲಿ ಪೂರ್ವಕ್ಕೆ ಹೋದರೆ ಕೊನೆಗೆ ವೈಟ್‌ಫೀಲ್ಡ್. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಸ್ವತಂತ್ರವಾಗಿ ಬಾಳಲೆಂದು ಡಿ. ಎಸ್. ವೈಟ್ ಎಂಬವರ ಮುಂದಾಳ್ತನದಲ್ಲಿ, ಮೈಸೂರಿನ ಮಹಾರಾಜರು ದಯಪಾಲಿಸಿದ ನೆಲದಲ್ಲಿ ಕಟ್ಟಿದ ಊರಿದು. ಹೊಸದಾಗಿ ಬದುಕು ಆರಂಭಿಸುವವರ ಊರಾಗಿಯೇ ಹುಟ್ಟಿದ್ದು ಈಗ ತಂತ್ರಾಂಶದ ನಗರಿ.

ಬೆಂಗಳೂರಿನ ಈ ಹೊಸ ಉದ್ಯೋಗಲೋಕದಿಂದಲೇ ಬಂದವರು ಶಾಲಿನಿ ಸರಸ್ವತಿ. ೨೦೧೨ರಲ್ಲಿ ಕಾಂಬೋಡಿಯಾ ಪ್ರವಾಸದಿಂದ ಮರಳಿದ ಬಳಿಕ ಕಾಡಿದ ಅಪರೂಪದ ರಿಕೆಟ್ಸಿಯಾ ಸೋಂಕಿನಿಂದ ಅವರು ಎರಡು ಕೈಗಳನ್ನೂ ಎರಡು ಕಾಲುಗಳನ್ನೂ ಕಳೆದುಕೊಂಡರು. ಕೃತಕ ಕಾಲುಗಳ ಮೇಲೆ ನಿಲ್ಲಲು ಕಲಿತು, ಉದ್ಯೋಗಕ್ಕೆ ಹಿಂದಿರುಗಿದರು. ಕಂಠೀರವ ಕ್ರೀಡಾಂಗಣದಲ್ಲಿ ಬೆಳಗಿನ ಹೊತ್ತು ಅಭ್ಯಾಸ ಮಾಡಿ ೨೦೧೬ರಲ್ಲಿ ಬೆಂಗಳೂರಿನ ೧೦ ಕಿಲೋಮೀಟರ್ ಓಟವನ್ನು ಪೂರೈಸಿದರು. ಇಂಥವರನ್ನು ಕಂಡು ಕೈಮುಗಿಯುವುದು ಸಹಜ. ಆದರೆ ಇಲ್ಲಿ ಒಂದು ಎಚ್ಚರ ಬೇಕು.

'ಅವರು ಓಡಿದರು, ನೀನೇಕೆ ಮೂಲೆಯಲ್ಲಿ ಕುಳಿತೆ?' ಎಂದು ಮನೆಯಲ್ಲಿರುವವನನ್ನು ಚುಚ್ಚಲು ಆ ಉದಾಹರಣೆಯನ್ನು ಬಳಸಬಾರದು. ನಾಲ್ಕು ಅಂಗ ಹೋದರೂ ಓಡಿದವರ ಹಿಂದೆ ವಿದ್ಯೆ, ಕಾದುಕೊಂಡಿದ್ದ ಉದ್ಯೋಗ, ಜೊತೆಗೆ ನಿಂತ ಕುಟುಂಬ, ನಂಬಿದ ಗುರು ಇದ್ದಿರುತ್ತಾರೆ. ಬಾಡಿಗೆಯ ಕೋಣೆಯಲ್ಲಿ ನಾಲ್ವರೊಡನೆ ಮಲಗುವ, ಊರಿಗೆ ಹಣ ಕಳಿಸಬೇಕಾದ ತರುಣನಿಗೆ ಮೊದಲು ಬೇಕಾದುದು ಸ್ಫೂರ್ತಿಯ ಕಥೆಯಲ್ಲ. ತಿಂಗಳ ಬಾಡಿಗೆ, ಸರಿಹೊಂದುವ ಕೋಶ, ಮರಳಿ ಕರೆಯುವ ಕೆಲಸ. ಇವು ದೊರೆತರೆ ಸ್ಫೂರ್ತಿ ತಾನಾಗಿ ಬರುತ್ತದೆ.

ಅಂಗ ಎಂಬ ಮಾತು

ಸಂಜೆಯ ಗಾಡಿಯಲ್ಲಿ ಹಿಂದಿರುಗುವಾಗ ಆ ಯುವಕನ ಪ್ರಶ್ನೆ ಮತ್ತೆ ಮುಂದೆ ಬಂದು ನಿಂತಿತು. ಶರಣರ ಪರಿಭಾಷೆಯಲ್ಲಿ 'ಅಂಗ' ಎಂದರೆ ಕೈಯಲ್ಲ, ಕಾಲಲ್ಲ. ಲಿಂಗದೊಡನೆ ಸಮರಸವಾಗಲು ಹೊರಟ ಜೀವ. ಷಟ್‌ಸ್ಥಲದ ಮೆಟ್ಟಿಲುಗಳನ್ನು ಏರುವುದು ಆ ಅಂಗ. ಯಂತ್ರ ಅದರ ಒಂದು ಎಳೆಯನ್ನೂ ಕತ್ತರಿಸಲಾರದು. ಇಷ್ಟಲಿಂಗದ ಜೊತೆಗೆ ಪ್ರಾಣಲಿಂಗ, ಭಾವಲಿಂಗಗಳನ್ನು ಹೇಳಿದ ನಮ್ಮ ಹಿರಿಯರು ಪೂಜೆಯನ್ನು ಅಂಗೈಯ ಅಳತೆಗೆ ಸೀಮಿತಗೊಳಿಸಿದವರಲ್ಲ. ಎಡಗೈ ಇಲ್ಲದಿದ್ದರೆ ಬಲಗೈ ಪೀಠವಾಗಲಿ. ಎರಡೂ ಇಲ್ಲದಿದ್ದರೆ ತಾಯಿಯ, ಮಡದಿಯ, ಮಗನ ಅಂಗೈ ಪೀಠವಾಗಲಿ, ದೃಷ್ಟಿ ಮಾತ್ರ ಅವನದಿರಲಿ. ಅಂದು ಅರ್ಧ ಗಂಟೆ ಹೇಳಿದುದರ ಬದಲು ಇಷ್ಟನ್ನು ಹೇಳಿ, 'ಊಟ ಮಾಡಿ ಹೋಗು, ನಿನ್ನ ಕಾಗದಗಳನ್ನು ನಾಳೆ ತಾ' ಎಂದಿದ್ದರೆ ಸಾಕಿತ್ತು.

ನುಲಿಯ ಚಂದಯ್ಯನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕೆಳಗೆ ಬಿದ್ದರೂ ಆತ ಕಾಯಕ ನಿಲ್ಲಿಸದೆ ಮುಂದುವರಿಸಿದನೆಂದು ಪರಂಪರೆ ಹೇಳುತ್ತದೆ. ಕಾಯಕವೆಂಬ ಮಾತು ಕಾಯದಿಂದಲೇ ಬಂದಿದೆ. ಕಾಯ ಕುಂದಿದರೆ ಕಾಯಕವೂ ಕುಂದುವುದೆ? ಇಡೀ ದಿನ ಕಂಡದ್ದನ್ನು ನೆನೆದಾಗ ಕಾಯಕ ಕುಂದುವುದು ಕೈ ಹೋದಾಗಲಲ್ಲ, ಸುತ್ತಲಿನವರು ಕೈಬಿಟ್ಟಾಗ ಎನ್ನಿಸಿತು. ಗೊತ್ತಾದ ವಿವಾಹವನ್ನು ಮುರಿಯುವ ಬೀಗರು, ಶುಭಕಾರ್ಯದಲ್ಲಿ ಹಿಂದೆ ನಿಲ್ಲಿಸುವ ನೆಂಟರು, ಪರಿಹಾರದ ಹಣವನ್ನು ಸಾಲಕ್ಕೆ ಕೇಳುವ ಅಣ್ಣತಮ್ಮಂದಿರು, ಪ್ರಶ್ನೆಗೆ ಬದಲಾಗಿ ಪ್ರವಚನ ಕೊಡುವ ನನ್ನಂಥವರು, ಇವರೆಲ್ಲ ಕಳಚಿಟ್ಟ ಕಾವಲಿನಂತೆಯೇ ಅನರ್ಥಕ್ಕೆ ಕಾರಣರು.

ಪ್ರತಿಯೊಂದು ಊರಿನ ಮಠ, ಬಸವ ಸಮಿತಿ, ತರುಣ ಸಂಘ ಒಂದು ಸಣ್ಣ ಕೆಲಸ ಮಾಡಬಹುದು. ತಮ್ಮೂರಿನಿಂದ ಬೆಂಗಳೂರಿನ ಕಾರ್ಖಾನೆಗಳಿಗೆ ಹೋದವರ ಹೆಸರುಗಳನ್ನು ಬರೆದಿಡಲಿ. ಅವರಲ್ಲಿ ಯಾರಿಗಾದರೂ ಅಪಘಾತವಾದರೆ ಕಾಗದಪತ್ರ ಬಲ್ಲವರೊಬ್ಬರು ಜೊತೆಗೆ ಆಸ್ಪತ್ರೆಗೂ ಇ.ಎಸ್.ಐ. ಕಚೇರಿಗೂ ಹೋಗಲಿ. ಕೃತಕ ಅಂಗ ತೊಟ್ಟವನು ಊರಿಗೆ ಬಂದಾಗ ಜಾತ್ರೆಯ ಸ್ವಯಂಸೇವಕರ ಪಟ್ಟಿಯಲ್ಲಿ ಅವನ ಹೆಸರೂ ಇರಲಿ.

ಪೀಣ್ಯ ನಿಲ್ದಾಣವನ್ನು ಮತ್ತೆ ಹಾದುಹೋಗುವಾಗ ರಾತ್ರಿಯ ಪಾಳಿಯವರು ಇಳಿಯುತ್ತಿದ್ದರು. ಗಾಡಿಯ ಕಂಬಿಯನ್ನು ಮೂರು ಬೆರಳಿನ ಕೈಯೊಂದು ಬಿಗಿಯಾಗಿ ಹಿಡಿದಿತ್ತು. ಈ ಸಲ ಅದು ಜೇಬಿಗೆ ಸರಿಯಲಿಲ್ಲ. ನಾನೇ ಮೊದಲು ಮಾತನಾಡಿಸಿದೆ. "ಯಾವ ಊರಪ್ಪ? ಕೆಲಸ ಹೇಗಿದೆ? ಊಟವಾಯಿತೆ?" ಆತ ನಕ್ಕು, ಉತ್ತರ ಹೇಳಿ, ಇಳಿದು ಕೆಲಸಕ್ಕೆ ಹೋದ.